ಉಳವಿಗೆ ಒಂದೇ ಚಕ್ಕಡಿ

ಚಿಕ್ಕೇರೂರು,
ಸಂಕ್ರಮಣದ ಮರುದಿನ, 1944

ತೀರ್ಥರೂಪ ಸಮಾನನಾದ ಅಣ್ಣ ಕರಿಬಸಪ್ಪನಿಗೆ ತಂಗಿ ಅನ್ನವ್ವನ ಶರಣು.

ಹಾನಗಲ್ಲಿನಲ್ಲಿ ನೀನು, ಸುಶೀಲವ್ವ ವೈನಿ, ಮಕ್ಕಳು ಎಲ್ಲರೂ ಸುಖವಾಗಿದ್ದೀರೆಂದು ನಂಬಿದ್ದೇನೆ. ನನ್ನ ಪತ್ರ ಕಂಡು ನಿನಗೆ ಗಾಬರಿಯಾಗಿರಬೇಕು. ಯಾರಿಗೂ ಏನೂ ಆಗಿಲ್ಲ. ನಾವಿಬ್ಬರೂ ಉಳವಿಗೆ ಹೋಗಿಬರೋಣವೇ ಎಂದು ಕೇಳುವುದಕ್ಕೇ ಈ ಪತ್ರ.

ಭಾರತ ಹುಣ್ಣಿಮೆಯ ಜಾತ್ರೆಯ ಗದ್ದಲ ನಮಗೆ ಬೇಡ. ಅದು ಮುಗಿದು ಜನ ಕರಗಿದ ಮೇಲೆ ಹೊರಡೋಣ. ನಮ್ಮೂರ ಉಳಿವೆಪ್ಪ ತನ್ನ ಬಂಡಿಯಲ್ಲಿ ನನ್ನನ್ನು ಹಾನಗಲ್ಲಿಗೆ ಮುಟ್ಟಿಸುತ್ತಾನೆ. ಅಲ್ಲಿಂದ ಮುಂದೆ ನಿನ್ನ ಚಕ್ಕಡಿ. ಕೀಲಿಗೆ ಎಣ್ಣೆ ಹಾಕಿಸು, ಬಿಸಿಲಿಗೆ ಮೇಲೆ ಕೊಲ್ಲಾರಿ ಕಟ್ಟಿಸು. ಮುಂಡಗೋಡ, ಯಲ್ಲಾಪುರದ ಮೇಲೆ ಹೋದರೆ ದನಗಳಿಗೆ ನೀರು ನೆರಳು ಸಿಗುತ್ತದಂತೆ. ಈ ಯುದ್ಧದ ಕಾಲದಲ್ಲಿ ಕಂದೀಲಿಗೆ ಸೀಮೆಎಣ್ಣೆ ಎಲ್ಲಿಂದ ತರುವುದು? ಹೊತ್ತು ಮುಳುಗುವ ಮೊದಲೇ ಎತ್ತು ಬಿಚ್ಚಿ ಇಳಿದುಕೊಳ್ಳಬೇಕು. ಯಲ್ಲಾಪುರ ದಾಟಿದರೆ ಅಡವಿ ದಟ್ಟ, ಹುಲಿಯ ಭಯ. ಬುತ್ತಿಯ ಚಿಂತೆ ನನಗೆ ಬಿಡು.

ಇಷ್ಟೆಲ್ಲ ನನಗೆ ಹೇಗೆ ಗೊತ್ತೆಂದು ನೀನು ಕೇಳುವುದಿಲ್ಲ. ಇದೆಲ್ಲ ಅವ್ವ ಬಂದೇಸಾಬನ ಬಾಯಲ್ಲಿ ವರ್ಷ ವರ್ಷ ಹೇಳಿ ಕಳಿಸಿದ ಮಾತುಗಳೇ.

ಬಳೆಗಾರ ಬಂದೇಸಾಬ ಮಾಘ ಬರುವ ಮೊದಲು ಹಾನಗಲ್ಲಿನಿಂದ ನಮ್ಮೂರಿಗೆ ಬರುತ್ತಿದ್ದ. ನನ್ನ ಕೈಗೆ ಬಳೆ ಏರಿಸುತ್ತಲೇ ಅವ್ವನ ಮಾತು ಹೇಳುತ್ತಿದ್ದ. "ಮಗ ಒಂದು ಕಡೆ, ಮಗಳು ಒಂದು ಕಡೆ ಕುಂಡ್ರಬೇಕು, ನಡುವ ನಾ ಕುಂತು ಉಳವಿ ಬಸವಣ್ಣನ ಕಡೆ ಹೋಗಬೇಕು ಅಂತ ನಿಮ್ಮವ್ವ ದಾನವ್ವ ಅಂತಾಳವಾ. ಏನ್ ಹೇಳಲಿ?" ನಾನು ಒಳಗೆ ಹೋಗಿ ನಮ್ಮ ಮನೆಯವರನ್ನು ಕೇಳುತ್ತಿದ್ದೆ. ಅವರದು ಪ್ರತಿ ಸಲ ಒಂದೇ ಉತ್ತರ. "ನಿಮ್ಮಣ್ಣ ಕುಂತ ಚಕ್ಕಡ್ಯಾಗ ನಾ ಕುಂಡ್ರೂದಿಲ್ಲ. ನೀ ಬೇಕಾದ್ರ ಹೋಗು."

ಆ 'ನೀ ಬೇಕಾದ್ರ ಹೋಗು' ಎಂಬುದನ್ನು ಅವರು ಹೇಳುತ್ತಿದ್ದ ದನಿಯಲ್ಲಿ ಕೇಳಿದ ಮೇಲೆ ಯಾವ ಹೆಂಗಸೂ ಹೊಸಿಲು ದಾಟಲಾರಳು. ಇದನ್ನು ನಾನು ಅವರ ಎದುರಿಗೇ ಹೇಳಬಲ್ಲೆ. ಹೊರಗೆ ಬಂದು ಬಂದೇಸಾಬನಿಗೆ, "ಮುಂದಿನ ವರ್ಷ ನೋಡೋಣು ಅಂತ ಹೇಳಪಾ" ಎನ್ನುತ್ತಿದ್ದೆ.

ಅವರ ಸಿಟ್ಟು ಸುಳ್ಳಲ್ಲ, ಅಣ್ಣ. ಕರ ಕೊಡಬಾರದೆಂದು ನಮ್ಮ ಭಾಗದ ಊರುಗಳೆಲ್ಲ ಹಟ ಹಿಡಿದ ವರ್ಷ ಅವರು ಜೈಲಿನಲ್ಲಿದ್ದರು. ಜಪ್ತಿಗೆ ಬಂದವರ ಸಂಗಡ ಕಾರಕೂನನಾಗಿ ನೀನೂ ಬಂದಿದ್ದೆ. ಸರಕಾರ ನಿನ್ನನ್ನು ಕಳಿಸಿತ್ತು, ನೀನಾಗಿ ಬಂದಿರಲಿಲ್ಲ. ಅಡುಗೆಮನೆಯ ಭಾಂಡೆಗಳನ್ನು ಒಯ್ದಾಗ ನಾನು ಅಡ್ಡ ಬರಲಿಲ್ಲ. ಎತ್ತುಗಳನ್ನು ಬಿಚ್ಚಿದಾಗ ಮಾತ್ರ ಓಡಿಹೋಗಿ ಹಗ್ಗ ಹಿಡಿದುಕೊಂಡೆ. ನೀನು ಹತ್ತಿರ ಬಂದು, "ಅನ್ನವ್ವಾ, ಹಗ್ಗ ಬಿಡವಾ. ನನ್ನ ನೌಕರಿ ಹೋಗತೈತಿ" ಎಂದೆ. ನಾನು ಬಿಡಲಿಲ್ಲ. ಆಗ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದವನು ನೀನೇ. ಓಣಿಯ ಜನರೆಲ್ಲ ನೋಡುತ್ತಿದ್ದರು.

ಮುಂದೆ ಜಪ್ತಿಯಾದ ಹೊಲ ತಿರುಗಿ ಬಂತು. ಎತ್ತುಗಳು ಬರಲಿಲ್ಲ, ಅಣ್ಣನೂ ಬರಲಿಲ್ಲ. ನಾನೂ ತವರಿಗೆ ಕಾಲಿಡಲಿಲ್ಲ. ನಿನ್ನ ಮನೆಯಲ್ಲಿ ಆಗ ಚಿಕ್ಕಚಿಕ್ಕ ಮಕ್ಕಳು, ಹಾಸಿಗೆ ಹಿಡಿದ ಅಪ್ಪ. ಆ ಸಂಬಳ ನಿಂತಿದ್ದರೆ ಅವರೆಲ್ಲ ಏನಾಗುತ್ತಿದ್ದರೆಂದು ನನಗೆ ಹೊಳೆಯಲು ಬಹಳ ಕಾಲ ಹಿಡಿಯಿತು. ಹೊಳೆದ ಮೇಲೂ ಹೇಳಿ ಕಳಿಸಲಿಲ್ಲ. ನೀನೇ ಮೊದಲು ಬರಲಿ ಎಂದು ನಾನು, ಅವಳೇ ಕರೆಯಲಿ ಎಂದು ನೀನು. ನಡುವೆ ಅವ್ವನ ಕಣ್ಣು ಮಂಜಾದವು. "ಕಣ್ಣ ಕಾಣದಿದ್ರೇನಾತು? ಗದ್ದಿಗಿ ಮುಟ್ಟಾಕ ಕೈ ಅದಾವಲ್ಲ" ಎಂದು ಅದಕ್ಕೂ ಹೇಳಿ ಕಳಿಸಿದ್ದಳು.

ಹೋದ ಯುಗಾದಿ ಮುಗಿದ ಮೇಲೆ ಅವಳು ಮಲಗಿದಾಗ ನಾನು ಬಂದೆ. ನಮ್ಮವರು ನಿನ್ನ ಮನೆಗೆ ಬರದೆ ಮಠದಲ್ಲಿಯೇ ಇಳಿದುಕೊಂಡರು. ನೀನು ವೈದ್ಯರನ್ನು ಕರೆಯಲು ಹೋಗಿದ್ದೆ. ಅವ್ವ ನನ್ನ ಕೈ ತಡಕಿ, "ಚಕ್ಕಡಿ ಕಟ್ಟ್ಯಾರೇನವಾ?" ಎಂದಳು.

"ಹೂಂ ಅವ್ವಾ, ಕಟ್ಟ್ಯಾರ" ಎಂದೆ.

"ನಿಮ್ಮಣ್ಣ?"

"ಮುಂದ ಕುಂತಾನ."

"ಅಳಿಯಾ?"

"ಅವ್ರೂ ಅದಾರ, ಅವ್ವಾ. ಎಲ್ಲಾರೂ ಅದೇವಿ."

"ಹಂಗಾರ ನಡೀರಿ" ಎಂದಳು. ಅವಳ ಮುಖದಲ್ಲಿ ಅಂಥ ಗೆಲುವನ್ನು ನನ್ನ ಮದುವೆಯ ದಿನವೂ ನಾನು ಕಂಡಿರಲಿಲ್ಲ. ಆಮೇಲೆ ಅವಳು ಮಾತಾಡಲಿಲ್ಲ. ಅವಳ ಹತ್ತಿರ ಆಡಿದ ಕೊನೆಯ ಮಾತು ಸುಳ್ಳಾಯಿತಲ್ಲ ಎಂದು ನಾನು ಇವತ್ತಿನವರೆಗೂ ಯಾರ ಮುಂದೆಯೂ ಹೇಳಿರಲಿಲ್ಲ.

ಮಣ್ಣು ಕೊಟ್ಟು ಬಂದ ದಿನ ವೈನಿ ನನ್ನನ್ನು ಅಡುಗೆಮನೆಗೆ ಕರೆದು ಇನ್ನೊಂದು ಮಾತು ಹೇಳಿದಳು. ಬಂದೇಸಾಬ ನಮ್ಮೂರ ಕಡೆ ಹೊರಟ ಕೂಡಲೇ ಅವ್ವ ಸಜ್ಜೆ ರೊಟ್ಟಿ ಒಣಗಿಸಿ ಕಟಕ ಮಾಡಿಸಿ, ಶೇಂಗಾ ಚಟ್ನಿ ಕುಟ್ಟಿಸಿ ಗಂಟು ಕಟ್ಟಿ ಇಡುತ್ತಿದ್ದಳಂತೆ. ಅವನು ನನ್ನ 'ಮುಂದಿನ ವರ್ಷ' ಹೊತ್ತು ತಿರುಗಿ ಬಂದಾಗ ತಾನೇ ಗಂಟು ಬಿಚ್ಚಿ ಓಣಿಯ ಮಕ್ಕಳನ್ನು ಕರೆದು ಹಂಚುತ್ತಿದ್ದಳಂತೆ. "ಅತ್ತಿ ಒಂದು ದಿನಾನೂ ನಿನ್ನ ಬೈಲಿಲ್ಲವಾ" ಎಂದಳು ವೈನಿ. ಬೈದಿದ್ದರೆ ಚಲೋ ಇತ್ತು.

ಅಂದು ನೀನು ನನ್ನ ಹತ್ತಿರ ಬಂದು "ಅನ್ನವ್ವಾ" ಎಂದೆ. ನಾನು ಹೆಂಗಸರ ಕಡೆ ತಿರುಗಿಕೊಂಡೆ. ನೀನು ಏನು ಹೇಳಬೇಕೆಂದಿದ್ದೆಯೋ ನನಗೆ ಗೊತ್ತಿಲ್ಲ. ಈಗ ಅದನ್ನು ಹೇಳಬೇಕಾಗಿಲ್ಲ. ದಾರಿಯಲ್ಲಿ ಮಾತಾಡಲು ಬೆಳೆಗಳಿವೆ, ದನಗಳಿವೆ, ನಿನ್ನ ಮಕ್ಕಳ ಓದು ಇದೆ. ಉಳವಿಯಲ್ಲಿ ಅವ್ವನ ಹೆಸರಿನಲ್ಲಿ ನಾವಿಬ್ಬರೂ ಗದ್ದುಗೆ ಮುಟ್ಟಿದರೆ ಸಾಕು. ಅವಳಿಗೆ ಅದು ಮುಟ್ಟುವುದಿಲ್ಲವೆಂದು ನನಗೆ ತಿಳಿದಿದೆ. ಆದರೂ ಹೋಗೋಣ.

ನಮ್ಮವರು ಬರುವರೇ ಎಂದು ನಾನು ಕೇಳಿಲ್ಲ. ಈ ಸಲ ಕೇಳುವುದೂ ಇಲ್ಲ. ನಿನ್ನ ಒಪ್ಪಿಗೆ ತಿಳಿಸು.

ಇಂತು ನಿನ್ನ ತಂಗಿ,
ಅನ್ನವ್ವ

ತಾ.ಕ.: ಅನ್ನವ್ವನಿಗೆ ಅಕ್ಷರ ಬಾರದೆಂಬುದು ನಿಮಗೆ ಗೊತ್ತೇ ಇದೆ. ಅವಳು ಹೇಳಿದಂತೆ ಬರೆದವನು ಅವಳ ಗಂಡ ಬಸವಣ್ಣೆಪ್ಪ. ಸಾಲಿ ಮಾಸ್ತರರ ಕೈಯಲ್ಲಿ ಬರೆಸುತ್ತೇನೆಂದು ಹೊರಟಿದ್ದಳು. ಕರೆದು ಕೂರಿಸಿ ನಾನೇ ಬರೆದೆ. ನನ್ನ ಮೇಲಿನ ಮಾತುಗಳನ್ನೂ ಬಿಟ್ಟಿಲ್ಲ. ಅತ್ತೆಯವರ ಕೊನೆಯ ಮಾತು ನನಗೆ ತಿಳಿದದ್ದು ಇವತ್ತೇ. ಅಲ್ಲಿ ಕೈ ಬಹಳ ಹೊತ್ತು ನಿಂತಿತು, ಅವಳು ಕಾದಳು. ಉಳಿವೆಪ್ಪನ ಬಂಡಿ ಬೇಡ, ಅವಳನ್ನು ನಾನೇ ಕರೆದುಕೊಂಡು ಬರುತ್ತೇನೆ. ಮುಂದೆ ನಿಮ್ಮ ಚಕ್ಕಡಿ ಹೊಡೆಯಲು ಆಳನ್ನು ಗೊತ್ತುಮಾಡಬೇಡಿರಿ. ನಿಮ್ಮ ಎತ್ತುಗಳಿಗೆ ನನ್ನ ದನಿ ಹೊಸದು. ಮೊದಲ ದಿನ ನೀವು ನನ್ನ ಮಗ್ಗುಲಿಗೇ ಕೂಡಬೇಕಾಗುತ್ತದೆ.