ಪೆಟ್ಟು ಬೀಳುವ ತುಂಡು

ಅಕ್ಕಾ,

ನಾನು ಸಾಲೆ ಬಿಟ್ಟದ್ದು ಇಂಗ್ಲಿಷ್ ಬಾರದ್ದಕ್ಕಲ್ಲ. ಇದನ್ನು ನಿನಗೆ ಕೊನೆಯವರೆಗೂ ಹೇಳಲಿಲ್ಲ. ದಿನವಿಡೀ ಒಂದೇ ಕಡೆ ಕುಳಿತಿರಲು ನನ್ನಿಂದ ಆಗುತ್ತಿರಲಿಲ್ಲ, ಅಷ್ಟೇ. ಹಾಗೆಂದಿದ್ದರೆ ಅಪ್ಪ ಚರ್ಮ ಸುಲಿಯುತ್ತಿದ್ದ. 'ಇಂಗ್ಲಿಷ್ ತಲಿಗೆ ಹತ್ತವಲ್ದು' ಎಂದೆ. ಎಲ್ಲರೂ ನಂಬಿದರು. ನೀನೂ.

ಗರಗದ ನಮ್ಮ ಅಡುಗೆಮನೆ ನೆನಪಿದೆಯೇ? ನೀನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ, ನಾನು ಪಕ್ಕದಲ್ಲಿ ಪುಸ್ತಕ ಹಿಡಿದು ಉದ್ದುದ್ದ ಪದಗಳನ್ನು ಓದುತ್ತಿದ್ದೆ. 'ತುಂಡ ಮಾಡಿ ಹೇಳೋ. ಕನ್ನಡದಂಗ ಎಲ್ಲಾದಕ್ಕೂ ಒಂದ ತೂಕ ಹಾಕಬ್ಯಾಡ. ಒಂದ ತುಂಡಿಗೆ ಪೆಟ್ಟು ಜೋರ ಬೀಳಬೇಕು' ಎನ್ನುತ್ತಿದ್ದೆ ನೀನು. ಎಕ್-ಝ್ಯಾ-ಮಿ-ನೇ-ಶನ್. ಒಮ್ಮೆ 'ನೇ' ಬಂದಾಗ ನಿನ್ನ ಅಂಗೈ ಎಷ್ಟು ಜೋರಾಗಿ ಬಿತ್ತೆಂದರೆ ರೊಟ್ಟಿ ಹರಿದೇ ಹೋಯಿತು. 'ನಿನ್ನ ಇಂಗ್ಲಿಷಿಗೆ ನನ್ನ ಹಿಟ್ಟ ಯಾಕ ಕೆಡಸ್ತೀಯವಾ?' ಎಂದಳು ಅವ್ವ. ಹರಿದ ರೊಟ್ಟಿ ನನ್ನ ತಾಟಿಗೆ ಬಂತು. 'ತಗೋ, ನಿನ್ನ ಪರೀಕ್ಷಾ ತಿನ್ನು' ಎಂದು ನೀನು ನಕ್ಕೆ.

ನಾನು ಸಾಲೆ ಬಿಟ್ಟ ವರ್ಷವೇ ಧಾರವಾಡದಲ್ಲಿ ಶಿಕ್ಷಕಿಯರ ತರಬೇತಿಗೆ ನಿನ್ನನ್ನು ಕರೆದಿದ್ದರು. ನೀನು ಹೋಗಲಿಲ್ಲ. 'ಸ್ವಂತ ತಮ್ಮಗ ಕಲಸಾಕ ಆಗಲಿಲ್ಲ, ಊರ ಮಕ್ಕಳಿಗೆ ಏನ ಕಲಸಲಿ?' ಎಂದೆ. ನಾನು ಅಲ್ಲೇ ಹೊಸ್ತಿಲ ಬಳಿ ಚಪ್ಪಲಿ ಮೆಟ್ಟುತ್ತಿದ್ದೆ. ಆಗಲಾದರೂ ಬಾಯಿ ಬಿಡಬಾರದಿತ್ತೇ? ನಾಳೆ ಹೇಳಿದರಾಯಿತು ಎಂದುಕೊಂಡೆ. ಆಮೇಲೆ ನಿನ್ನನ್ನು ಮುಗದಕ್ಕೆ ಮದುವೆ ಮಾಡಿಕೊಟ್ಟರು, ಮರುವರ್ಷದ ಜ್ವರದಲ್ಲಿ ನೀನು...

ಈಗ ನಾನು ಹುಬ್ಬಳ್ಳಿಯ ಕಮರಿಪೇಟೆಯಲ್ಲಿ ಒಂದು ಛಾಪಖಾನೆಯಲ್ಲಿ ಅಚ್ಚಿನ ಮೊಳೆ ಜೋಡಿಸುತ್ತೇನೆ. ಸಾಲಿನ ಕೊನೆಗೆ ಇಂಗ್ಲಿಷಿನ ಉದ್ದ ಪದ ಹಿಡಿಸದಿದ್ದರೆ ಮುರಿದು ಅಡ್ಡಗೆರೆ ಹಾಕಬೇಕು. ಎಲ್ಲೆಂದರಲ್ಲಿ ಮುರಿಯುವಂತಿಲ್ಲ. ಆಗ ನನ್ನ ಅಂಗೈ ತಾನಾಗಿ ತೊಡೆಯ ಮೇಲೆ ಬೀಳುತ್ತದೆ: ಯು-ನಿ-ವರ್-ಸಿ-ಟಿ. 'ವರ್'ಗೆ ಜೋರು. ಅದಕ್ಕಿಂತ ಮುಂಚೆ ಮುರಿಯುತ್ತೇನೆ.

'ಏನಲೇ, ತಬಲಾ ಕಲಿಯಾಕತ್ತೀಯೇನು?' ಎಂದು ಮಾಲಕರು ಕೇಳಿದರು.

'ಇಲ್ಲರಿ, ರೊಟ್ಟಿ ಬಡಿಯಾಕತ್ತೇನಿ' ಎಂದೆ.

ಅವರು ನಕ್ಕರು. ನನಗೆ ನಗಲು ಆಗಲಿಲ್ಲ.

ಇವತ್ತು ಊರಿಗೆ ಬಂದು ಅಪ್ಪನಿಗೆ ಎಲ್ಲ ಹೇಳಿದೆ. ಬೈದಿದ್ದರೆ ಚೆನ್ನಾಗಿತ್ತು. 'ಇದನ್ನ ಆಕಿಗೆ ಹೇಳಬೇಕಿತ್ತಪಾ, ನನಗಲ್ಲ' ಎಂದು ಎದ್ದು ಹೋದ.

ಅದಕ್ಕೇ ಬರೆಯುತ್ತಿದ್ದೇನೆ. ನೀನು ಕಲಿಸಿದ್ದು ನನಗೆ ಬಂದಿತ್ತು ಅಕ್ಕಾ, ಆಗಲೇ ಬಂದಿತ್ತು. ಪುಣೆಯ ದೊಡ್ಡ ಛಾಪಖಾನೆಯೊಂದರಲ್ಲಿ ಇಂಗ್ಲಿಷ್ ಪುಸ್ತಕಗಳಿಗೆ ಮೊಳೆ ಜೋಡಿಸುವ ಕೆಲಸ ಸಿಕ್ಕಿದೆ. ನಾಳೆ ಹೊರಡುತ್ತೇನೆ.