ಕುಂಕುಮ ಹಚ್ಚಿದ ಜನರೇಟರ್

ಸವಿತಾ,

ನಿನ್ನನ್ನು ಎಬ್ಬಿಸಲಿಲ್ಲ. ಮೂರು ದಿನ ಆಸ್ಪತ್ರೆ ಬೆಂಚಿನ ಮೇಲೆ ಕೂತವಳು, ಮಲಗು. ಉಪ್ಪಿಟ್ಟು ಮುಚ್ಚಿಟ್ಟಿದ್ದೇನೆ, ತಿಂದೇ ಹೋಗು. ನಿನ್ನ ಅಪ್ಪನ ಆಧಾರ್ ಕಾರ್ಡ್ ಟಿವಿ ಮೇಲಿದೆ, ಮರೆಯಬೇಡ.

ಮಾವನಿಗೆ ಹೊಗೆ ಕುಡಿಸಿದರು ಅಂತ ಫ್ಯಾಕ್ಟರಿಯವರನ್ನು ಬೈಯುತ್ತಿದ್ದೀಯ. ಬೈಯಬೇಡ. ತಪ್ಪು ನನ್ನದು.

ಆಯುಧಪೂಜೆಗೆ ಮಾವ ತಾವು ಕಾವಲಿರುವ ಫ್ಯಾಕ್ಟರಿಯ ಜನರೇಟರನ್ನು ಸೋಪು ಹಾಕಿ ತೊಳೆದು ವಿಭೂತಿ, ಕುಂಕುಮ ಹಚ್ಚಿದ್ದರು. ಮಾರನೇ ದಿನ ನಾನು ಚೆಕ್ ಮಾಡಲು ಹೋದೆ. ಎಂಜಿನ್ ಓಡಿಸಿ, ಗಾಳಿ ಎಳೆಯುವ ಪೈಪಿನ ಉದ್ದಕ್ಕೂ ಊದುಬತ್ತಿ ಹಿಡಿದೆ. ಬತ್ತಿಯ ಹೊಗೆ ಎಲ್ಲೂ ಒಳಗೆ ಹೋಗಲಿಲ್ಲ, ಅಂದರೆ ಆ ಪೈಪಿನಲ್ಲಿ ಲೀಕಿಲ್ಲ. ಹೊಗೆ ಹೊರಗೆ ಬಿಡುವ ಸೈಲೆನ್ಸರ್ ಜಾಯಿಂಟನ್ನು ಮಾತ್ರ ಬರೀ ಕಣ್ಣಲ್ಲಿ ನೋಡಿದೆ. ಲೀಕಿದ್ದರೆ ಅಲ್ಲಿ ಮಸಿ ಕಟ್ಟಿರುತ್ತದೆ. ಮಸಿ ಇರಲಿಲ್ಲ, ಸರಿಯಿದೆ ಅಂತ ಬರೆದುಕೊಟ್ಟೆ. ಹಿಂದಿನ ದಿನವಷ್ಟೇ ತೊಳೆದಿದ್ದಾರೆ ಅನ್ನುವುದು ನನ್ನ ತಲೆಗೆ ಹೋಗಲಿಲ್ಲ. ಹದಿನಾಲ್ಕು ವರ್ಷದ ಮೆಕ್ಯಾನಿಕ್ ಕೆಲಸ ನನ್ನದು.

ನಿನ್ನೆ ಹೋಗಿ ನೋಡಿದೆ. ಜಾಯಿಂಟಿನ ಪಕ್ಕದ ಕುಂಕುಮ ಮಸಿಯಲ್ಲಿ ಮುಚ್ಚಿಹೋಗಿದೆ.

ಪೀಣ್ಯ ಪೊಲೀಸ್ ಸ್ಟೇಷನ್ನಿಗೆ ಹೋಗುತ್ತಿದ್ದೇನೆ, ಇದನ್ನೇ ಬರೆದುಕೊಡುತ್ತೇನೆ. ಫೋನ್ ಮಾಡಬೇಡ. ಮಾವನಿಗೆ ಎಚ್ಚರವಾದರೆ ಮಾತ್ರ ಮಾಡು. ಆಗುತ್ತದೆ ಅಂತ ನನಗೆ ಅನ್ನಿಸುತ್ತಿಲ್ಲ.

ಇನ್ನೊಂದು ನಿನಗೆ ಗೊತ್ತಿಲ್ಲ. ಹೊಗೆ ವಾಸನೆ ಬರುತ್ತದೆ ಅಂತ ಅವರು ತಿಂಗಳಿಂದ ಗೇಟಿನ ಹತ್ತಿರವೇ ಮಲಗುತ್ತಿದ್ದರು. ನಾನು ಸಹಿ ಹಾಕಿದ್ದನ್ನು ನೋಡಿ, ಚಾಪೆ ಸುತ್ತಿಕೊಂಡು ಜನರೇಟರ್ ಪಕ್ಕದ ಕೋಣೆಗೆ ಬಂದರು.

“ಅಳಿಯಂದಿರು ನೋಡ್ಯಾರಂದ್ರ ಮುಗೀತು. ಇನ್ನ ಅರಾಮ ಮಲಗ್ತೀನಿ,” ಅಂದರು.

ಹನುಮೇಶ