ಹೆಫೈಗೆ ಹೋದ ಶಹಾಪುರದ ಅಕ್ಕಿ

ಹೆಫೈ, ಚೀನಾ
ಮಾರ್ಚ್ 19, 2013, ಮಂಗಳವಾರ

ಅತ್ತಿಯವರ ಪಾದಕ್ಕ ಸೊಸಿ ಕಲ್ಯಾಣಮ್ಮನ ಶರಣು. ಹೊಟ್ಟಿ ಒಂದು ಬಿಟ್ಟು ಉಳಿದದ್ದೆಲ್ಲಾ ಆರಾಮ ಅದ. ನೀವು ಕಟ್ಟಿಕೊಟ್ಟ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಇರೋತನಕ ನನಗ ಯಾರ ಹಂಗೂ ಇಲ್ಲ.

ನಾಲ್ಕು ದಿನಕ್ಕ ವಾಪಸ್ ಬರಾಕಿ ಕಾಗದ ಯಾಕ ಬರದಾಳ ಅಂತ ಕನ್ನಡಕ ಹುಡುಕ್ಕೋತ ನೀವು ಬೈತೀರಿ, ಗೊತ್ತದ. ಏನ್ ಮಾಡ್ಲಿ? ನಮ್ಮ ಅಕ್ಕಿ ಮಿಲ್ಲಿನ ಸಪ್ಪಳ ನಿಮ್ಮ ಕಿವಿ ತಿಂದು ಹಾಕ್ಯದ. ನಿಮಗ ಒಂದು ಗುಟ್ಟು ಹೇಳಬೇಕಂದ್ರ ಇಡೀ ಓಣಿಗೆ ಕೇಳೂಹಂಗ ಒದರಬೇಕು. ನಾ ನಿಮ್ಮ ಜೋಡಿ ಮೆಲ್ಲಗ ಮಾತಾಡಿ ಎಷ್ಟು ವರ್ಷ ಆತೋ ಏನೋ. ಈ ಕಾಗದದಾಗ ಮಾತಾಡ್ತೀನಿ. ನಮ್ಮ ಜೋಡಿ ಬಂದ ರಾಯಚೂರಿನ ಮಿಲ್ ಮಾಲಕರು ಸೂಗಪ್ಪಣ್ಣ ನಾಳೆನೇ ಊರಿಗೆ ಹೊಂಟಾರ, ಅವರ ಕೈಲೆ ಕೊಡ್ತೀನಿ. ನಿಮ್ಮ ಮಗಗ ತೋರಸಬ್ಯಾಡ್ರಿ. ಭತ್ತದ ಚೀಲದ ಮ್ಯಾಲಿಂದ ಬಿದ್ದು ಕಾಲು ಮುರಕೊಂಡು, ತಾವು ಬರೋ ಜಾಗಕ್ಕ ನನ್ನ ಕಳಿಸಿದ ಮನುಷ್ಯಾಗ ಇದನ್ನೇನು ತೋರಸೋದು!

ಹೊರಡೋ ಮುಂದ ನೀವು ಹೇಳಿದ್ರಿ, ಆ ಊರು ಏನ್ ಮಾಡಿ ಉಣ್ತದ ನೋಡ್ಕೊಂಡು ಬಾ ಅಂತ. ಗುರುಮಠಕಲ್‌ಗೆ ಮೈದುನಗ ಹೆಣ್ಣು ನೋಡಾಕ ಹೋದಾಗೂ ನೀವು ಮೊದಲು ಕೇಳಿದ್ದು ಅದನ್ನೇ. ವ್ಯಾಪಾರಕ್ಕ ಬರೋರಿಗಂತ ಮಿಲ್ ಮಾಲಕರ ಸಂಘದವರು ಒಂದು ಪುಸ್ತಕ ಕೊಟ್ಟಾರ್ರಿ, ಯಾವ ಊರಾಗ ಏನ್ ತಯಾರಾಗ್ತದ ಅಂತ. ಓದಿದ್ರ ಥೇಟ್ ವರನ ವಿವರ ಓದಿದಂಗ ಅದ: ಮನಿತನ, ಗಳಿಕಿ, ಗುಣ. ಶಾಂಘೈ ಅಂದ್ರ ಬಂದರು, ಬ್ಯಾಂಕು, ಕತ್ತು ನೋಯಿಸೋ ಕಟ್ಟಡ. ದೊಡ್ಡಮನಿ ಮಂದಿಹಂಗ, ನಮ್ಮನ್ನ ಕಣ್ಣೆತ್ತಿ ನೋಡಲಿಲ್ಲ. ಯಿವು ಅಂತ ಒಂದು ಊರು, ಅಲ್ಲಿ ಗುಂಡಿ, ಪಿನ್ನು, ಆಟಿಕಿ ಸಾಮಾನು ರಾಶಿ ರಾಶಿ ಮಾರ್ತಾರಂತ. ನಮ್ಮ ಖುರ್ಷೀದಬೇಗಂ ತನ್ನ ಬಳಿಗಳ ಅಂಗಡ್ಯಾಗ ಮಾರೋ ಕೂದಲ ಕ್ಲಿಪ್ಪು ಅಲ್ಲಿವೇ ಇರಬೇಕು. ಯಾಂಗ್ತ್ಸೆ ಹೊಳಿ ದಂಡಿಮ್ಯಾಲೆ ವೂಹು ಅನ್ನೋ ಊರದ. ಹಿಂದ ದೊಡ್ಡ ಅಕ್ಕಿ ಪೇಟಿ ಆಗಿತ್ತಂತ, ಈಗ ಕಾರು ಮಾಡ್ತದ. ನಾವಿರೋ ಹೆಫೈ ನಮ್ಮಂಥವರ ಊರು. ಫ್ರಿಜ್ಜು ಮಾಡ್ತಾರ, ಬಟ್ಟಿ ಒಗಿಯೋ ಮಷೀನು ಮಾಡ್ತಾರ, ಮತ್ತ ನಾವು ಹುಡುಕಿಕೊಂಡು ಬಂದದ್ದು, ಬಣ್ಣ ನೋಡಿ ಅಕ್ಕಿ ಆರಿಸೋ ಮಷೀನೂ ಮಾಡ್ತಾರ. ಊರ ಹೊರಗ ಭತ್ತ ಕೊಯ್ದ ಹೊಲದಾಗ ಸಾಸಿವಿ ಹೂ ಬಿಟ್ಟದ. ರೈಲಿನಾಗ ಬರೋ ಮುಂದ ಕಣ್ಣು ತುಂಬ ಹಳದಿ ನೋಡಿದೆ, ನೀವು ಇರಬೇಕಿತ್ತು ಅನಿಸ್ತು.

ನಮ್ಮ ಶಹಾಪುರದ ಮ್ಯಾಲೆ ಇಂಥ ಪುಸ್ತಕ ಬರದಿದ್ರ ಏನ್ ಬರೀತಿದ್ರು ಅಂತ ಯೋಚನಿ ಮಾಡಿದೆ. ಕಾಲುವಿ ಬರೋಕಿಂತ ಮೊದಲಾದ್ರ ಒಂದೇ ಸಾಲು: ಜೋಳ, ತೊಗರಿ, ಪುಣೆಕ್ಕ ದುಡಿಯಾಕ ಹೋಗೋ ಜನ. ಈಗ ನೋಡ್ರಿ, ಭತ್ತ, ಹತ್ತಿ, ಮೆಣಸಿನಕಾಯಿ, ಓಣಿಗೊಂದು ಮಿಲ್ಲು, ಟ್ರಾಕ್ಟರ್ ಶೋರೂಮು. ರೈಲು ಬೇಕಂದ್ರ ಯಾದಗಿರಿಗೆ ಹೋಗ್ರಿ, ಜಗಳ ನೋಡಬೇಕಂದ್ರ ನಮ್ಮ ಮನಿಗೆ ಬರ್ರಿ.

ಇನ್ನ ಮೆಲ್ಲಗ ಹೇಳೋ ಮಾತು. ಸುರಪುರ ದಾಟಿ ದೇವಾಪುರದ ನನ್ನ ತವರಿಗೆ ಹೋಗಬೇಕಂದ್ರ ಸಾವಿರ ಪ್ರಶ್ನೆ ಕೇಳೋ ನೀವು, ಚೀನಾಕ್ಕ ಹೋಗ್ತೀನಿ ಅಂದಾಗ ಒಂದೂ ಕೇಳಲಿಲ್ಲ. ಮಷೀನು ತರೋದೋ ಬ್ಯಾಡೋ ಅಂದ್ರ ಹ್ಞೂಂ ಇಲ್ಲ, ಉಹ್ಞೂಂ ಇಲ್ಲ. ಅಕ್ಕಿ ಹಸನು ಮಾಡೋ ಕೋಣ್ಯಾಗ ಕೆಲಸದ ಶೇಖಮ್ಮ, ಬಸ್ಸಮ್ಮನ ನಡುವ ಅಕ್ಕಿ ಕೇರೋ ಮರ ಹಿಡಕೊಂಡು ಕುಂತು, ಅಕ್ಕಿ ಕಟ್ಟಿ ಇಡ್ತೀನಿ ಒಯ್ಯಿ ಅಂದ್ರಿ, ಅಷ್ಟ. ಮಷೀನು ಬಂದ್ರ ಈ ಕೋಣಿ ಏನಾಗ್ತದ, ನಾ ಎಲ್ಲಿ ಕೂಡ್ಲಿ ಅನ್ನೋದು ನಿಮ್ಮ ಮಾರ್ಯಾಗ ಕಾಣತಿತ್ತು. ಮಷೀನು ಬರಲಿಲ್ಲಂದ್ರ ಹೈದರಾಬಾದಿನ ವ್ಯಾಪಾರಿಗಳು ನಮ್ಮ ಅಕ್ಕಿ ಮುಟ್ಟಂಗಿಲ್ಲ, ಮಿಲ್ಲೇ ಮುಚ್ಚಬೇಕು. ಆದ್ರೂ ಅತ್ತಿ, ಮಿಲ್ಲು ಕಟ್ಟಿದವರು ನೀವು. ನೀವು ಒಲ್ಲೆ ಅಂದ್ರ ನಾ ಖರೀದಿ ಕರಾರಿಗೆ ಸಹಿ ಮಾಡಬಾರದು ಅಂತ ಗಟ್ಟಿ ಮಾಡ್ಕೊಂಡೇ ವಿಮಾನ ಹತ್ತಿದ್ದೆ. ನೀವು ಒಲ್ಲೆ ಅಂದ್ರೋ ಹೂಂ ಅಂದ್ರೋ, ಅದೇ ತಿಳೀವಲ್ದಾಗಿತ್ತು.

ನಿನ್ನೆ ಫ್ಯಾಕ್ಟರಿಗೆ ಹೋದ್ವಿ. ಚೆನ್ ಅಂತ ಒಬ್ಬಾಕಿ ಇಂಜಿನಿಯರ್, ನಮ್ಮ ಬಸ್ಸಮ್ಮನ ಮಗಳ ವಯಸ್ಸು, ನಗುಮುಖ. ನಮ್ಮ ಚೀಲ ಬಿಚ್ಚಿ ಅರ್ಧ ಅಕ್ಕಿ ಮಷೀನಿಗೆ ಸುರುವಿದಳು. ಚಲೋ ಅಕ್ಕಿ ಈಕಡಿ ಬೀಳಬೇಕು, ಕರಿ ಕಾಳು ಆಕಡಿ ತಟ್ಟ್ಯಾಗ ಬೀಳಬೇಕು. ಆಕಡಿ ತಟ್ಟಿ ಖಾಲಿ! ಮತ್ತೊಮ್ಮೆ ಹಾಕಿದಳು, ಮತ್ತ ಖಾಲಿ. ಪಾಪ, ಮಷೀನು ಕೆಟ್ಟದ ಅಂತ ಗಾಬರಿಯಾಗಿ ಮುಚ್ಚಳ ತಗದು ಗಾಜು ಒರಸಿದಳು, ಸಾಹೇಬರನ್ನ ಕರದಳು. ನಾ ಒಂದು ಹಿಡಿ ಅಕ್ಕಿ ತಗೊಂಡು ನೋಡಿದೆ. ಮಲ್ಲಿಗಿ ಮೊಗ್ಗಿನಂಥ ಅಕ್ಕಿ!

ಅಯ್ಯ ಅತ್ತಿ, ಮಿಲ್ಲಿನಿಂದ ಬಿದ್ದ ಹೊಲಸು ಅಕ್ಕಿ ಹಂಗೇ ಕಟ್ಟ್ರಿ, ಪರೀಕ್ಷಾಕ್ಕ ಬೇಕು ಅಂತ ಗಂಟಲು ಹರಿಯೋಹಂಗ ಒದರಿದ್ದೆನಲ್ಲ! ನೀವು ಕುಂತು ಎಲ್ಲಾ ಹಸನು ಮಾಡಿ ಕೊಟ್ಟೀರಿ. ಸೂಗಪ್ಪಣ್ಣ ಹೊಟ್ಟಿ ಹಿಡಕೊಂಡು ನಕ್ಕರು. ನನಗ ಮಾತ್ರ ಸಿಟ್ಟು ನೆತ್ತಿಗೇರ್ತು. ಬರಿಗೈಲೆ ವಾಪಸ್ ಬರಲಿ ಅಂತ ಈ ಮುದುಕಿ ಬೇಕಂತನೇ ಮಾಡ್ಯಾಳ ಅಂದ್ಕೊಂಡೆ. ಹೌದ್ರಿ, ಮುದುಕಿ ಅಂದೆ, ಏಕವಚನದಾಗೇ ಅಂದೆ. ಆ ಮಂದಿ ಮುಂದ ಕಣ್ಣೀರು ಬಂತು.

ಚೆನ್ ಉಳಿದ ಅಕ್ಕಿ ಬಟ್ಟಲಿಗೆ ಸುರುವಾಕ ಚೀಲ ಬೋರಲು ಹಾಕಿದಳು. ತಳದಾಗಿಂದ ಧಪ್ಪಂತ ಒಂದು ಗಂಟು ಬಿತ್ತು. ನಿಮ್ಮ ಹಸಿರು ಇಳಕಲ್ ಸೀರಿ ಹಳೇ ಸೆರಗಿನ ಚೂರು, ನಿಮ್ಮ ಕೈಯ ಬಿಗಿ ಗಂಟು, ಬಿಚ್ಚಾಕ ಹಲ್ಲು ಹಚ್ಚಬೇಕಾತು. ಒಳಗ ಕರಿ ಕಾಳು, ಹಳದಿ ಕಾಳು, ಹರಳು, ಹೊಟ್ಟು, ನೀವು ಆರಿಸಿ ತಗದದ್ದೆಲ್ಲಾ ಇತ್ತು. ಒಂದು ಕಾಳೂ ಚೆಲ್ಲಿದ್ದಿಲ್ಲ.

ಆಗ ತಿಳೀತು ನನಗ. ಹೊಲಸು ಅಕ್ಕಿ ಪರರ ಮನಿಗೆ ಹೆಂಗ ಕಳಸೋದು ಅಂತ ನಾಚಿಕೊಂಡು ಹಸನು ಮಾಡೀರಿ. ಮಷೀನಿಗೆ ಹೊಲಸು ಬೇಕಂತಾಳ ಸೊಸಿ ಅಂತ ಅದನ್ನ ಬ್ಯಾರೆ ಕಟ್ಟೀರಿ. ಮಷೀನು ಬ್ಯಾಡ ಅನ್ನಾಕಿ ಕಸ ಇಷ್ಟು ಜ್ವಾಕಿ ಮಾಡಿ ಸೆರಗಿನಾಗ ಕಟ್ಟಂಗಿಲ್ಲ. ನೀವು ಬಾಯಿಬಿಟ್ಟು ಹೇಳದ ಹೂಂ ನನ್ನ ಕೈಯಾಗ ಇತ್ತು. ಈಗ ಬಂದ ಕಣ್ಣೀರು ಬ್ಯಾರೆ.

ಚೆನ್ ಅಂತೂ ಚಪ್ಪಾಳಿ ಹೊಡದಳು. ಯಾವುದು ಚಲೋ, ಯಾವುದು ಕೆಟ್ಟದ್ದು ಅಂತ ಮಷೀನಿಗೆ ಮೊದಲು ತೋರಸಬೇಕಂತ, ಎಲ್ಲಾರೂ ಕಲಸಿ ತರ್ತಾರ, ತಾವೇ ಕುಂತು ಆರಿಸಬೇಕಾಗ್ತದಂತ. ಎರಡೂ ತೋರಿಸಿ, ಆಮ್ಯಾಲೆ ಕಲಸಿ ಹಾಕಿದಳು. ಟಕಟಕ ಅಂತ ಕರಿ ಕಾಳೆಲ್ಲಾ ಆಕಡಿ! ಬೆಳಿ ಬದಲಾದಂಗ ಹಿಂಗ ಮತ್ತ ತೋರಸಬೇಕಂತ. ಯಾರು ಮಾಡಿದ್ದು ಅಂತ ಕೇಳಿದ್ರು. ನಮ್ಮ ಅತ್ತಿ ಅಂದೆ. ನಿಮ್ಮ ಸೆರಗಿನ ಚೂರು ಎತ್ತಿ ತೋರಿಸಿದೆ, ನಗಬ್ಯಾಡ್ರಿ. ಇವತ್ತು ಬೆಳಿಗ್ಗೆ ಸಹಿ ಮಾಡಿದೆ.

ಮುದುಕಿ ಅಂದದ್ದಕ್ಕ ಬಂದ ಮ್ಯಾಲೆ ಬೈರಿ. ಜೋರಾಗಿ ಬೈರಿ, ಓಣಿಗೆ ಕೇಳಲಿ.

ನಿಮ್ಮ ಹೊಟ್ಟ್ಯಾಗ ಹುಟ್ಟದ ಮಗಳು,
ಕಲ್ಯಾಣಮ್ಮ

ತಾ.ಕ.: ಮಷೀನು ದಾಟಿ ಬಂದ ನಿಮ್ಮ ಅಕ್ಕಿ ಇವತ್ತು ಮಧ್ಯಾಹ್ನ ಸೂಗಪ್ಪಣ್ಣನ ಕರೆಂಟಿನ ಕುಕ್ಕರಿನಾಗ ಅನ್ನ ಮಾಡಿ, ಹಿಂಡಿ ಹಚ್ಚಿಕೊಂಡು ಉಂಡ್ವಿ. ನನ್ನ ಹಲ್ಲಿಗೆ ಒಂದು ಹರಳು ಸಿಕ್ತು. ಬೆಳ್ಳಗ, ಥೇಟ್ ಅಕ್ಕಿ ಬಣ್ಣ. ಮಷೀನಿಗೂ ಕಂಡಿಲ್ಲ, ನಿಮಗೂ ಕಂಡಿಲ್ಲ. ಯಾರಿಗೂ ಹೇಳಿಲ್ಲ, ಪರ್ಸಿನಾಗ ಇಟ್ಕೊಂಡೀನಿ. ಬಂದ ಮರುದಿನನೇ ಯಾದಗಿರಿಗೆ ಹೋಗಿ ನಿಮ್ಮ ಕಣ್ಣು ತೋರಸೋಣು, ಈ ಸಲ ನೆಪ ಹೇಳಂಗಿಲ್ಲ. ಆಮ್ಯಾಲೆ ಮಷೀನಿನಿಂದ ಬಿದ್ದ ಅಕ್ಕಿ ನಿಮ್ಮ ಕೋಣಿ ದಾಟೇ ಚೀಲಕ್ಕ ಹೋಗಬೇಕು. ಮರ ಅಟ್ಟಕ್ಕ ಹಾಕಿದ್ರ ಇಳಸ್ರಿ.